ಗೇಣಿಗೊಂದು

ಮಾಜಾಳಿಯ ದಂಡೆಯಲ್ಲಿ ಹಗ್ಗದ ಹುರಿ ಬಿಚ್ಚಿ
ಎಳೆಗಳ ಸಂದಿಗೆ ಕಡಲಪಾಚಿಯ ಚಿಗುರು ಸಿಕ್ಕಿಸುತ್ತೇವೆ,
ಗೇಣಿಗೊಂದು.
ಬಿಗಿದರೆ ಕತ್ತು ಕೊಯ್ಯುತ್ತದೆ,
ಸಡಿಲಾದರೆ ಇಳಿತದ ಪಾಲು.

ಕಲಿಸಲು ಬಂದ ಹುಡುಗನ ಗಂಟು ನೋಡಿ
ತುಳಸಾ ತಾಂಡೇಲ ನಕ್ಕಳು:
"ನಿನ್ನ ಆಯಿ ಅಬ್ಬಲಿಗೆ ದಂಡೆ ಕಟ್ಟಲಿಲ್ವೇನೋ?"
ಅವಳ ಬೆರಳಿಗೆ ಹರಿದ ಬಲೆಗಳೆಲ್ಲ ನೆನಪು.

ನಲವತ್ತೈದು ದಿನ.
ದೋಣಿಯಿಂದ ಬಾಗಿ ಎತ್ತಿದರೆ
ಅರ್ಧ ಹಗ್ಗ ಬೋಳು, ಮೀನು ಮೇಯ್ದಿದೆ.
ಉಳಿದರ್ಧ
ನೀರಿಂದೆತ್ತಿದ ಕೂಸಿನ ಭಾರ.

ಲಂಗರಿನ ತುಕ್ಕಿನ ಮೇಲೆ
ಯಾರೂ ಕಟ್ಟದ, ಯಾರೂ ಎಣಿಸದ
ಒಂದು ಕೆಂಪು ಕುಡಿ.

ತುಳಸಾ ಕೀಳಲಿಲ್ಲ.
ಲಂಗರನ್ನು ಮೆಲ್ಲಗೆ ಮತ್ತೆ ಇಳಿಬಿಟ್ಟು
ಹುಡುಗನ ಪಟ್ಟಿಯತ್ತ ನೋಡಿದಳು:
"ಇದರ ಕೂಲಿ
ಯಾರ ಲೆಕ್ಕಕ್ಕೆ ಬರೀತೀಯೋ?"