ಬಲಗೈ ಸನ್ನೆ

ದಿನಕ್ಕೆ ನೂರು ಡಾಲರು, ಮಧ್ಯಾಹ್ನಕ್ಕೊಂದು ಸ್ಯಾಂಡ್‌ವಿಚ್ಚು.
ಕೆಲಸ ಇಷ್ಟೆ: ಮ್ಯಾನಿಟೋಬದ ಈ ಜೌಗಿನಲ್ಲಿ
ಆಪಿನ ನಡುವೆ ಮೊಣಕಾಲುದ್ದ ಕೆಸರಲ್ಲಿ ಕೂತು
ಸತ್ತ ಬಾತುಕೋಳಿಯನ್ನು
ನಾಯಿ ನೋಡದ ಹಾಗೆ ಬಚ್ಚಿಡುವುದು.

ಎಲ್ಲಿಟ್ಟಿದ್ದೇನೆಂದು ತೀರ್ಪುಗಾರನಿಗೆ ಗೊತ್ತು,
ದಡದಲ್ಲಿ ನಿಂತು ನಾಯಿ ನಡೆಸುವವರಿಗೆ ಗೊತ್ತು.
ನಾಯಿಗೆ ಗೊತ್ತಿಲ್ಲ. ಪರೀಕ್ಷೆ ಎಂದರೆ ಅದೇ.
ಕಾಣದ್ದನ್ನು ತರಲು ಹೋಗಬೇಕು,
ದಾರಿ ತಪ್ಪಿ ಸೀಟಿ ಕೇಳಿದಾಗ
ಈಜುತ್ತಲೇ ತಿರುಗಿ
ಇನ್ನೂರು ಗಜದಾಚೆಯ ಒಂದು ಕೈಯನ್ನು ನಂಬಬೇಕು.

ಬೆಳಗಿನಿಂದ ಹನ್ನೊಂದು ನಾಯಿ.
ಒಂದು, ಗುಂಡಿನ ಸದ್ದಿಗೇ ಅಪ್ಪಣೆ ಕಾಯದೆ ಓಡಿ ಅಲ್ಲೇ ಸೋತಿತು.
ಒಂದು, ಹಕ್ಕಿಯನ್ನು ಅಗಿದು ಪುಕ್ಕ ಕಿತ್ತಿತು. ಅದರ ಯಜಮಾನ
ಆಮೇಲೆ ಯಾರ ಮುಖವನ್ನೂ ನೋಡಲಿಲ್ಲ.
ಹನ್ನೆರಡನೆಯದು ಮಾಕ್.
ಉಕ್ರೇನಿ ಮಾತಿನಲ್ಲಿ ಗಸಗಸೆ ಎಂದಂತೆ. ಕರಿ ಲ್ಯಾಬ್ರಡಾರ್,
ಗಲ್ಲದ ಕೆಳಗೆ ನಾಲ್ಕಾರು ಬಿಳಿ ಕೂದಲು.

ಕಲಿಸಿದವನು ಓಸ್ಟಾಪ್ ಹ್ರಿಸಾಕ್.
ಗೋಧಿ ಎತ್ತುವ ಯಂತ್ರ ಅವನ ಬಲ ಭುಜ ತಿರುಚಿ
ಹತ್ತು ಸುಗ್ಗಿ ಕಳೆದವು. ಆ ತೋಳು
ಕಿವಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ,
ಮೊಣಕೈ ಮಡಚಿ, ಬೆರಳು ನೆಲ ನೋಡುತ್ತ,
ಗಾಳಿಗೆ ಮುರಿದ ಛತ್ರಿಕಡ್ಡಿ.
ಈ ವರ್ಷ ಮಂಡಿಯೂ ಕೈಕೊಟ್ಟಿತು.
ಮೊಮ್ಮಗಳು ಸ್ಲಾವ್ಕಾ ಅವನ ಬಿಳಿ ಕೋಟು ತೊಟ್ಟು ಬಂದಳು;
ಅವನು ನೋಡುಗರ ಹಗ್ಗದಾಚೆ, ಮಡಚುಕುರ್ಚಿಯಲ್ಲಿ.
ಅಲ್ಲಿಂದ ಒಂದು ಬೆರಳೆತ್ತಿದರೂ ನಾಯಿ ಹೊರಗೆ.
ಎರಡೂ ಕೈ ಜೇಬಿನಲ್ಲಿ.

ಮಾಕ್ ನೀರಿಗೆ ಬಿದ್ದಳು. ಗಾಳಿ ಎಡಕ್ಕೆ ತಳ್ಳಿತು.
ಸೀಟಿ. ತಿರುಗಿದಳು.
ನನಗೆ ಕಂಡದ್ದು ಅವಳ ಹಿಂದಲೆ, ಎರಡು ಒದ್ದೆ ಕಿವಿ,
ಅದರಾಚೆ, ಅಷ್ಟು ದೂರ, ಕಡ್ಡಿಯಷ್ಟು ಹುಡುಗಿ.
ನಾಯಿ ನೋಡಿದ್ದನ್ನೇ ನಾನೂ ನೋಡುತ್ತಿದ್ದೆ:
ಬಲಗೈ ಭುಜದ ನೇರಕ್ಕೆ ಚಾಚಿದೆ,
ಪುಸ್ತಕದ ಚಿತ್ರದ ಹಾಗೆ.
ಮಾಕ್ ಹೋಗಲಿಲ್ಲ. ಕಾಲಾಡಿಸುತ್ತ ಅಲ್ಲೇ ಸುತ್ತಿದಳು.
ಮತ್ತೆ ಸೀಟಿ. ಮತ್ತೆ ಅದೇ ಚೊಕ್ಕ ತೋಳು.
ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದೆಂದರೆ ಇದೇ ಇರಬೇಕು.

ಹಕ್ಕಿ ನನ್ನಿಂದ ಹತ್ತು ಮಾರು. ಕೂಗಿಬಿಡಬಹುದಿತ್ತು.
ಸುಮ್ಮನಿರುವುದಕ್ಕೂ ಸೇರಿಯೇ ಆ ನೂರು ಡಾಲರು.

ಆಗ ಹುಡುಗಿ ಕೈ ಇಳಿಸಿದಳು.
ಏನು ಹೊಳೆಯಿತೋ, ಅಡಿಗೆಮನೆಯಲ್ಲಿ ತಾತ
ಕಪಾಟಿನ ಬಾಗಿಲಿಗೆ ಕೈ ಹಾಕುವುದು ನೆನಪಾಯಿತೋ,
ಮೊಣಕೈ ಮಡಚಿ, ಕಿವಿಯವರೆಗೆ ಮಾತ್ರ,
ಬೆರಳು ಜೋಲಿಸಿ,
ನೋವಿರುವವರ ಹಾಗೆ ನಡುವೆ ಒಂದಿಷ್ಟು ತಡೆದು, ಎತ್ತಿದಳು.

ಕಿವಿಗಳು ನಿಮಿರಿದವು.
ನನ್ನ ಪಕ್ಕದಿಂದಲೇ ಹಾದಳು, ಉಸಿರು ಕೇಳಿಸಿತು,
ನನ್ನ ಕಡೆ ಕಣ್ಣೂ ಹಾಯಿಸದೆ ಆಪಿನೊಳಗೆ ನುಗ್ಗಿ
ಹಕ್ಕಿಯನ್ನು ಮೊಟ್ಟೆ ಹಿಡಿದಂತೆ ಬಾಯಲ್ಲಿ ಹಿಡಿದು ಹೊರಟಳು.

ತೀರ್ಪು ಏನಾಯಿತೋ ನನಗೆ ತಿಳಿಯದು.
ಎರಡು ಸನ್ನೆ ಮೀರಿದ್ದು ಲೆಕ್ಕಕ್ಕೆ ಬಂದೇ ಬರುತ್ತದೆ.
ಸಂಜೆ ಕೂಲಿಗೆಂದು ಹೋದಾಗ
ಮುದುಕ ಟ್ರಕ್ಕಿಗೆ ಒರಗಿ ಅವಳ ಕೋಟಿನ ತೋಳು ಹಿಡಿದು
ಗದರುತ್ತಿದ್ದ: ಅಷ್ಟು ಬಾಗಿಸುತ್ತೀನಾ ನಾನು? ಅಷ್ಟೊಂದು?
ಸ್ಲಾವ್ಕಾ ಮಾಡಿ ತೋರಿಸಿದಳು.
ಇನ್ನೊಮ್ಮೆ ಎಂದ. ಇನ್ನೊಮ್ಮೆ ತೋರಿಸಿದಳು.
ಹಿಂದೆ, ಸರಳಿನ ಗೂಡಿನಲ್ಲಿ, ಪ್ರತಿ ಸಲವೂ
ಮಾಕ್ ಎದ್ದು ನಿಲ್ಲುತ್ತಿದ್ದಳು.