ಅಳಿವೆ ಬಾಯಿ

ಕೋಡಿಬಾಗದ ಆ ಮನೆಗೆ ಹತ್ತೊಂಬತ್ತು ವರ್ಷ ಮೀನು ಹಾಕಿದೆ.
ಕುಮುದಬಾಯಿ ಕೊಳ್ಳುತ್ತಿದ್ದುದು ಒಂದು ಪಾಲು ಬಂಗಡೆ,
ನೋಡುತ್ತಿದ್ದುದು ಇಡೀ ಬುಟ್ಟಿ.
"ತುಳಸೂ, ಸ್ವಲ್ಪ ಕೂತ್ಕೊ" ಅಂದಳು ಒಂದಿನ.
ಕೂತೆ. ಬಿಸಿಲೇರಿ ಬಂಗಡೆಯ ಕಣ್ಣು ಕೆಂಪಾಯಿತು.
ಕೂತದ್ದಕ್ಕೆ ಬುಟ್ಟಿಯ ಪೂರಾ ದುಡ್ಡು ಎಣಿಸಿ ಕೊಟ್ಟಳು.

ಚಿತ್ರದಲ್ಲಿ ನಾನಿರಲಿಲ್ಲ.
ನನ್ನ ಸೀರೆ ಕಚ್ಚೆ ಹಾಕಿಕೊಂಡು ತಾನೇ ನಿಂತಿತ್ತು,
ಕುತ್ತಿಗೆಯ ಮೇಲೆ ದೇವಗಡದ ದೀಪಸ್ತಂಭ.
ಅಂಗೈಗೊಂದು ಬಾಯಿ:
ಬಲಗೈಯದು ಬೆಲೆ ಕೂಗುತ್ತಿತ್ತು,
ಎಡಗೈಯದು ಆಕಳಿಸುತ್ತಿತ್ತು.
"ನನ್ನ ಮುಖ ಎಲ್ಲಿ?"
"ನಿನ್ನ ಹತ್ತಿರವೇ ಇರಲಿ. ಊರಿಗ್ಯಾಕೆ?"

ಗಂಡ ಬಂದರು ಕಚೇರಿಯ ಗುಮಾಸ್ತ. ಅವನನ್ನೂ ಬರೆದಿದ್ದಳು:
ಅಲೆಗಳ ನಡುವೆ ಒಂದು ಕುರ್ಚಿ, ಒದ್ದೆಯಾಗದ್ದು.
ಅವನು ನೋಡಿ, ಕುರ್ಚಿ ಚೆನ್ನಾಗಿದೆ ಅಂದನಂತೆ.

ಬರೆಯುತ್ತಿದ್ದುದು ಐಸ್ ಫ್ಯಾಕ್ಟರಿಯ ಬಿಲ್ಲುಗಳ ಬೆನ್ನಿಗೆ.
ನಾನು ಮೀನಿನ ಹೊಟ್ಟೆ ಸೀಳುತ್ತಿದ್ದರೆ ಓದಿ ಹೇಳುವಳು:
'ಒಬ್ಬಳು ಅಡುಗೆಮನೆಯನ್ನು ಮಡಚಿ
ಕುಪ್ಪಸದೊಳಗಿಟ್ಟುಕೊಂಡು ಕಾಳಿ ಸೇತುವೆಗೆ ಬಂದಳು.
ನಟ್ಟನಡುವೆ ಒಲೆ ಹೊತ್ತಿಕೊಂಡಿತು.
ಅವಳು ಓಡಲಿಲ್ಲ. ಬೆಚ್ಚಗಾಯಿತು ಅಂದಳು.'
ಅರ್ಥ ಏನಂತ ನಾನು ಕೇಳಲಿಲ್ಲ.
ನಮ್ಮನೆಯಲ್ಲೂ ಹೊಗೆ ಹೋಗಲು ಕಿಂಡಿ ಇರಲಿಲ್ಲ.

ಪೇಟೆಯವರು ಮರ್ಯಾದೆಗೆ ಬಾಯಿ ಎನ್ನುತ್ತಿದ್ದರು.
"ನೋಡೇ, ಎಲ್ಲರಿಗೂ ನಾನು ಬಾಯಿ,
ತೆರೆದರೆ ಮಾತ್ರ ಯಾರಿಗೂ ಬೇಡ.
ಹೊಳೆಗೂ ಅಲ್ಲಿ ಅಳಿವೆ ಬಾಯಿ ಅಂತಾರೆ,
ಮುಚ್ಚೇ ಅಂತ ಅದಕ್ಕೆ ಹೇಳಿದವರುಂಟಾ?"
ನಕ್ಕರೆ ಹಲ್ಲೆಲ್ಲ ನೀಲಿ. ಕುಂಚ ಕಚ್ಚುವ ಚಟ.

ಒಮ್ಮೆ ಹೈಸ್ಕೂಲಿನ ಹಾಲ್‌ನಲ್ಲಿ ಚಿತ್ರ ತೂಗಿಹಾಕಿದರು.
ಸಾಹೇಬರೊಬ್ಬರು ದೀಪಸ್ತಂಭದ ಹೆಂಗಸಿನೆದುರು ನಿಂತು
ಹೀಗೂ ಯಾರಾದರೂ ಇರ್ತಾರೆಯೇ ಅಂದರು.
ಬಾಗಿಲಲ್ಲೇ ಇದ್ದೆ, ಬುಟ್ಟಿ ಹೊತ್ತು.
ಮೀನಿನ ವಾಸನೆಗೆ ಮೂಗು ಮುಚ್ಚಿದರು,
ತಿರುಗಲಿಲ್ಲ.

ಅವಳು ಹೋದ ಮೇಲೆ ಹುಬ್ಬಳ್ಳಿಯ ತಮ್ಮ ಬಂದ.
ಬಿಲ್ಲುಗಳು ರದ್ದಿಗೆ ಹೋದವು, ಕಿಲೋಗೆ ಎಷ್ಟೋ.
ಚಿತ್ರಗಳಿಗೆ ಗೋಣಿ ಸುತ್ತಿದ. ನನ್ನದನ್ನು ಎತ್ತಿ
ಇದು ಯಾರು ಅಂತ ನನ್ನನ್ನೇ ಕೇಳಿದ.
ಗೊತ್ತಿಲ್ಲ ಅಂದೆ. ಯಾಕೆ ಹಾಗಂದೆನೋ.

ಈಗ ಸಂಜೆ ಬೈತಖೋಲದಲ್ಲಿ ಕೂತಾಗ
ದೂರದ ನಡುಗಡ್ಡೆಯಲ್ಲಿ ದೀಪ ಸುತ್ತತೊಡಗಿದರೆ
ನನ್ನ ಕುತ್ತಿಗೆ ತಾನಾಗಿ ತಿರುಗುತ್ತದೆ.
ಏನಾಯ್ತೇ ಅಂತಾರೆ ಗಿರಾಕಿಗಳು.
ಎಡಗೈ ಸೆರಗಿನಲ್ಲಿ ಅಡಗಿಸಿ
ಬಲಗೈ ಚಾಚುತ್ತೇನೆ:
ನೂರಕ್ಕೆ ಆರು.