ಹಾಜರಿ ಪುಸ್ತಕ

ಖಡ್ಕಿಯ ನಮ್ಮ ದೇವಾಲಯದ ಬೆಂಚುಗಳಲ್ಲಿ
ಇಂದಿಗೂ ಆ ಕಚ್ಚುಗಳಿವೆ,
ಗೋರಾ ಸಿಪಾಯಿಗಳು ಪ್ರಾರ್ಥನೆಗೆ ಕೂತಾಗ
ಬಂದೂಕು ಒರಗಿಸಲೆಂದು ಕೊರೆದವು.
ಹೆಬ್ಬೆರಳು ಇಟ್ಟರೆ ನುಣುಪು.

ಇಪ್ಪತ್ತಾರು ವರ್ಷದಿಂದ ಇಲ್ಲಿ ಹಾಜರಿ ಬರೆಯುವವನು ನಾನು.
ಮದ್ದುಗುಂಡಿನ ಫ್ಯಾಕ್ಟರಿಯಲ್ಲೂ ಅದೇ ಕೆಲಸವಿತ್ತು:
ಪೆಟ್ಟಿಗೆ ಎಣಿಸಿ, ಗೀಟು ಎಳೆದು, ಸಹಿ.
ಭಾನುವಾರದ ಪುಸ್ತಕದಲ್ಲಿ ಮೂರೇ ಕಾಲಮ್ಮು,
ತಾರೀಖು, ಬಂದವರು, ಭೋಜನ ಪಡೆದವರು.
ಬಂದವರು ಅಂದರೆ ದೊಡ್ಡವರು.
ಮಕ್ಕಳನ್ನು ಎಣಿಸುವ ರೂಢಿ ಇರಲಿಲ್ಲ.
ಎರಡನೆಯ ಕೀರ್ತನೆ ಮುಗಿಯುತ್ತಲೇ ಅವು
ಸಾಲಾಗಿ ಹಿಂಬಾಗಿಲಿನಿಂದ ಹೊರಗೆ,
ಜನರೇಟರ್ ಕೋಣೆಯ ಪಕ್ಕದ ತಗಡಿನ ಶೆಡ್ಡಿಗೆ.
ಬಾಗಿಲ ಚಿಲಕ ನನ್ನ ಪಾಲು.
ಎಣ್ಣೆ ಹಾಕಿ ಇಟ್ಟಿದ್ದೆ, ಸದ್ದಾಗದ ಹಾಗೆ.

ಉಜಗರೆಬಾಯಿ ಅಹಮದನಗರದಿಂದ ವರ್ಗವಾಗಿ ಬಂದರು.
ಮೊದಲ ವಾರ ಏನೂ ಅನ್ನಲಿಲ್ಲ.
ಎರಡನೆಯ ವಾರ, ನನ್ನ ಕೈ ಚಿಲಕದ ಮೇಲಿದ್ದಾಗ,
ವೇದಿಯ ಬಳಿಯಿಂದಲೇ ಮರಾಠಿಯಲ್ಲಿ,
"ಬೆನ್ನೂರ ಕಾಕಾ, ಇವತ್ತು ಶೆಡ್ಡಿನಲ್ಲಿ ಸೆಖೆ.
ಇರಲಿ ಬಿಡಿ, ಇಲ್ಲೇ."
ಎಲ್ಲಿಯ ಸೆಖೆ? ಅದು ಜನವರಿ.
ನಾನು ಸ್ವೆಟರ್ ತೊಟ್ಟಿದ್ದೆ.

ಅಂದಿನಿಂದ ಶುರು.
ಪ್ರಸಂಗದ ನಡುವೆ ಚುರುಮುರಿ ಪೊಟ್ಟಣ.
ಒಂದು ಬೂಟು ಬೆಂಚಿನಡಿ ಮೂರು ಸಾಲು ದಾಟಿ ಬಂತು,
ಒಂದೇ.
ವಿಶ್ವಾಸಪ್ರಮಾಣದಲ್ಲಿ ಎಲ್ಲರೂ
ಪೊಂತ್ಯ ಪಿಲಾತನವರೆಗೆ ಮುಟ್ಟಿದಾಗ
ಯಾರೋ ಗಟ್ಟಿಯಾಗಿ, "ಅವನ ಮನೀ ಎಲ್ಲೈತಿ?"
ಮಾರ್ಥವ್ವ ಕಿವಿಯ ಯಂತ್ರ ತೆಗೆದು ಚೀಲಕ್ಕೆ ಹಾಕಿದರು.
ಕಮಿಟಿಗೆ ಎರಡು ಕಾಗದ ಹೋದವು.
ಒಂದು ನನ್ನದು. ಅಕ್ಷರ ಚೆನ್ನಾಗಿತ್ತು.

ತಬಿತಾ ಹಂಜಿ, ನಾಲ್ಕು ವರ್ಷ,
ಬಂದೂಕಿನ ಕಚ್ಚಿನಲ್ಲಿ ಮೇಣದ ಬಣ್ಣದ ಕಡ್ಡಿ ನಿಲ್ಲಿಸುತ್ತಾಳೆ.
ಕೆಂಪು, ಹಸಿರು, ಮುರಿದ ಹಳದಿ.
"ಆಜೋಬಾ, ಇದು ಯಾಕ ತೂತು?"
ಪ್ರಾರ್ಥನೆಯಲ್ಲಿದ್ದವನಂತೆ ಕಣ್ಣು ಮುಚ್ಚಿದೆ.
"ಕಡ್ಡಿ ಇಡಾಕ," ತಾನೇ ಹೇಳಿಕೊಂಡಳು.

ಭೋಜನಕ್ಕೆ ಎದ್ದಾಗ ಅವಳೂ ಬಂದಳು, ತಾಯಿಯ ಸೆರಗು ಹಿಡಿದು.
ಕಟಕಟೆಗೆ ಗದ್ದ ತಾಕುವಷ್ಟು ಎತ್ತರ.
ದೃಢೀಕರಣ ಆಗದವರಿಗೆ ನಮ್ಮಲ್ಲಿ ರೊಟ್ಟಿ ಇಲ್ಲ;
ತಲೆಯ ಮೇಲೆ ಕೈ, ಎರಡು ಮಾತಿನ ಆಶೀರ್ವಾದ.
ಉಜಗರೆಬಾಯಿ ಹಾಗೆಯೇ ಮಾಡಿದರು.
ತಬಿತಾ ಚಾಚಿದ ಅಂಗೈ ಹಿಂದಕ್ಕೆಳೆಯಲಿಲ್ಲ.
"ತಲೀಗಲ್ಲ. ಕೈಗೆ."

ಸಾಲು ತಡೆದು ನಿಂತಿತು.
ನಿಯಮ ಬಿಷಪ್ಪರದು, ಬಾಯಿಯವರದಲ್ಲ.
ರೊಟ್ಟಿ ಕೊಡಲಿಲ್ಲ.
ತಟ್ಟೆಯನ್ನು ವೇದಿಯ ಮೇಲಿಟ್ಟು ಬಂದು, ಮೊಣಕಾಲೂರಿ,
ಆ ಖಾಲಿ ಅಂಗೈಗೆ ತಮ್ಮ ಹಣೆ ಮುಟ್ಟಿಸಿದರು.
ಹಸಿರು ಹತ್ತಿತು.
ಆರಾಧನೆ ಮುಗಿಯುವತನಕ ಒರೆಸಲಿಲ್ಲ.

ಆಮೇಲೆ ವೆಸ್ಟ್ರಿಯಲ್ಲಿ ಪುಸ್ತಕ ತೆರೆದೆ.
ಬಂದವರು, ನಲವತ್ತೊಂದು.
ಪೆನ್ನು ಮುಚ್ಚಿ, ಮತ್ತೆ ತೆರೆದು,
ಬಾಗಿಲವರೆಗೆ ಹೋಗಿ ನೋಡಿದೆ.
ನಿಂತಲ್ಲಿ ನಿಲ್ಲದ ಸರಕು ಎಣಿಸಿ ಗೊತ್ತಿಲ್ಲ ನನಗೆ.
ಹುಣಸೆಮರದ ಸುತ್ತ ಓಡುತ್ತಿದ್ದವು,
ಯಾರನ್ನೋ ಎರಡು ಸಲ ಎಣಿಸಿರಲೂಬಹುದು.
ಐವತ್ತಾರು ಎಂದು ತಿದ್ದಿದೆ.
ತಿದ್ದಿದ ಕಡೆ ಸಹಿ ಬೇಕು, ಫ್ಯಾಕ್ಟರಿಯ ಪಾಠ.
ಮಾಡಿದೆ.

ನನ್ನ ಕಾಗದ ಇನ್ನೂ ಕಮಿಟಿಯ ಕಡತದಲ್ಲಿದೆ,
ವಾಪಸು ಕೇಳಿಲ್ಲ.
ಚಿಲಕಕ್ಕೆ ಎಣ್ಣೆ ಹಾಕುವುದು ಮಾತ್ರ
ಬಿಟ್ಟಿದ್ದೇನೆ.